ಹಣ್ಣಾಗಲೆಂದು ಕಾದ ಕಣ್ಣು

ಹೊಸ ಕೈಮಗ್ಗದ ಸೀರೆಗೆ ಒಂದು ವಾಸನೆ ಇರುತ್ತದೆ, ನೀವೂ ಮೂಸಿ ನೋಡಿರಬಹುದು. ಗಂಜಿಯ ವಾಸನೆ, ಒಂಚೂರು ಹುಳಿ, ಒಂಚೂರು ಬಿಸಿಲು. ಮೊನ್ನೆ ನನ್ನ ಹೆಂಡತಿ ಗಜೇಂದ್ರಗಡದಿಂದ ಅಂಥ ಸೀರೆಯೊಂದನ್ನು ತಂದು ನನ್ನ ತೊಡೆಯ ಮೇಲೆ ಹರವಿದಳು. "ಅಂಚು ಹ್ಯಾಂಗೈತಿ ಹೇಳ್ರಿ" ಎಂದಳು. ಕಿಟಕಿಯ ಕಡೆ ತಿರುಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ, ಕೊನೆಗೆ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದೆ. "ಹಸಿರು ಚಲೋ ಒಪ್ಪೈತಿ" ಎಂದೆ. ಅವಳು ಸೀರೆಯನ್ನು ಮಡಚಿದಳು. "ಅದು ನೀಲಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಬೈಯಲಿಲ್ಲ. ಬೈದು ಬೈದು ಅವಳಿಗೂ ಸಾಕಾಗಿದೆ. ಹೋದ ವರ್ಷವೇ ರೋಣದಲ್ಲಿ ಕಣ್ಣು ತೋರಿಸಿದಾಗ, ಎರಡಕ್ಕೂ ಪೊರೆ ಬಂದಿದೆಯೆಂದು ಚೀಟಿ ಬರೆದುಕೊಟ್ಟಿದ್ದರು. ಅದನ್ನು ನಾನು ಬಹಳ ಭಕ್ತಿಯಿಂದ ಮಡಚಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಕೇಳಿದವರಿಗೆಲ್ಲ "ಇರಲಿ, ಇನ್ನೊಂದಿಷ್ಟು ಹಣ್ಣಾಗಲಿ" ಎನ್ನುತ್ತ ಬಂದೆ. ವರ್ಷ ಮುಗಿದು ಹಳೆಯ ಕ್ಯಾಲೆಂಡರು ಇಳಿಯಿತು, ಹೊಸದು ಏರಿತು, ಚೀಟಿ ಮಾತ್ರ ಹೊಸದರ ಹಿಂದೆ ಹೋಗಿ ಸೇರಿಕೊಂಡಿತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನಗೆ ಹೆದರಿಕೆ. ಕಣ್ಣಿನ ಹತ್ತಿರ ಯಾರೋ ಚೂಪಾದದ್ದನ್ನು ತರುತ್ತಾರೆ ಎಂದು ನೆನೆಸಿದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೇನೆ. ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ಹಣ್ಣಾಗಲಿ ಎನ್ನುತ್ತೇನೆ.

ಆದರೆ ಅವತ್ತು ಆ ಗಂಜಿಯ ವಾಸನೆ ಮೂಗಿನಲ್ಲೇ ಉಳಿದುಬಿಟ್ಟಿತು. ಅದರ ಬೆನ್ನಿಗೇ ಗಜೇಂದ್ರಗಡದ ಒಂದು ಮನೆ ನೆನಪಾಯಿತು. ಪಡಸಾಲೆಯಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ, ಮಗ್ಗದ ಮುಂದೆ ಕಾಲು ಚಾಚಿ ಕುಳಿತ ಹುಸೇನಬಿ. ಆ ಹೆಣ್ಣುಮಗಳು ಈಗ ನನ್ನ ಚೀಟಿ ಇರುವ ಜಾಗ ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಯೋಚಿಸಿ ನನಗೆ ನಿಜವಾಗಿ ನಾಚಿಕೆಯಾಯಿತು.

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುವ ರೋಣದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಹೆಸರು ಬರೆದುಕೊಳ್ಳುವುದು, ಔಷಧಿ ಡಬ್ಬಿ ಎಣಿಸುವುದು, ಬಸ್ಸು ಹಿಡಿದು ಊರೂರಿಗೆ ಕರಪತ್ರ ಹಂಚುವುದು ನನ್ನ ಕೆಲಸ. ಹಳ್ಳಿಯವರು ಮಾತ್ರ ನನ್ನನ್ನು ಡಾಕ್ಟರ ಸಾಹೇಬರೇ ಎಂದು ಕರೆಯುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಸಿಲಿನಲ್ಲಿ ಎಷ್ಟು ಸಲ ತಿದ್ದುವುದು ಎಂದು ಸುಮ್ಮನಾದೆ. ಇನ್ನೂ ಆಮೇಲೆ, ಯಾರಾದರೂ ಹಾಗೆ ಕರೆಯದಿದ್ದರೆ ಅವರ ಸಂಸ್ಕಾರದ ಬಗ್ಗೆ ಅನುಮಾನ ಪಡುವ ಮಟ್ಟಕ್ಕೆ ಬಂದಿದ್ದೆ.

ನನಗೆ ಇನ್ನೊಂದು ಚಟವೂ ಇತ್ತು. ರೋಗಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮೈಮೇಲೆ ಪಟ್ಟಿಯಂತೆ ಗುಳ್ಳೆ ಏಳುವ ರೋಗಕ್ಕೆ ನಮ್ಮವರು ಸರ್ಪಸುತ್ತು ಎಂದರು. ಗ್ರೀಕರು ಅದೇ ರೋಗದಲ್ಲಿ ಹರಿದಾಡುವುದನ್ನೂ ನಡುವಿಗೆ ಕಟ್ಟುವ ಪಟ್ಟಿಯನ್ನೂ ಕಂಡು ಅದನ್ನೇ ಹೆಸರಾಗಿ ಇಟ್ಟರಂತೆ. ಮೈಯಲ್ಲಿ ಸ್ನಾಯು ಆಡುವುದನ್ನು ನೋಡಿ ಲ್ಯಾಟಿನ್ ಜನ ಅದನ್ನು ಇಲಿಮರಿ ಎಂದರೆ, ನಾವು ಮೊಳಕಾಲ ಕೆಳಗಿನ ಮಾಂಸಕ್ಕೆ ಮೀನಖಂಡ ಎಂದೆವು. ಅವರ ಚರ್ಮದೊಳಗೆ ಇಲಿ ಓಡಿತು, ನಮ್ಮ ಕಾಲಿನಲ್ಲಿ ಮೀನು ಈಜಿತು. ಇಂಥದು ಸಿಕ್ಕ ದಿನ ನನಗೆ ಊಟ ರುಚಿಸುತ್ತಿತ್ತು. ಇದನ್ನೆಲ್ಲ ಕೇಳಿದ ಸಂಸ್ಥೆಯವರು, ಇವನಿಗೆ ಭಾಷೆ ಗೊತ್ತು ಎಂದುಕೊಂಡು, ಕಣ್ಣಿನ ಪೊರೆಯ ಬಗ್ಗೆ ಎಲ್ಲಿಂದಲೋ ಬಂದ ಹಳೆಯ ಇಂಗ್ಲಿಷ್ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟು ಕರಪತ್ರಕ್ಕೆ ಕನ್ನಡ ಮಾಡಿಕೊಡು ಎಂದರು.

ಮಾಡಿದೆ. ಎಷ್ಟು ಶ್ರದ್ಧೆಯಿಂದ ಎಂದರೆ, ಒಂದೊಂದು ಇಂಗ್ಲಿಷ್ ಮಾತಿನ ಎದುರಿಗೂ ಒಂದೊಂದು ಕನ್ನಡ ಮಾತನ್ನು ತಂದು ನಿಲ್ಲಿಸಿದೆ. ಮೊದಲ ಸಲ "ನೇತ್ರಮಸೂರದ ಅಪಾರದರ್ಶಕತೆ" ಎಂದು ಬರೆದು ನಾನೇ ಮೂರು ಸಲ ಓದಿ ಸಂತೋಷಪಟ್ಟೆ. ನಮ್ಮ ಸಂಸ್ಥೆಯ ಜವಾನ ಓದಿ, "ಇದು ಯಾರಿಗೆ ಬರ್ತೈತ್ರಿ, ಮನಷ್ಯಾರಿಗೋ ದನಕ್ಕೋ?" ಎಂದ. ಆಗ ಅದನ್ನು ಹೊಡೆದು, ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮೋತಿಬಿಂದು ಎಂಬ ಮಾತನ್ನು ಹಾಕಿದೆ. ಪೊರೆ ಬಂದ ಕಣ್ಣಿನ ಪಾಪೆ ಮುತ್ತಿನಂತೆ ಬೆಳ್ಳಗೆ ಕಾಣುತ್ತದಲ್ಲ, ಅದಕ್ಕೆ ಆ ಹೆಸರು. ಇಂಗ್ಲಿಷಿನಲ್ಲಿ ಪೊರೆ ಮಾಗಿದ ಮೇಲೆ ಎಂಬರ್ಥದ ಮಾತೊಂದಿತ್ತು. "ಮೋತಿಬಿಂದು ಪೂರ್ತಿ ಹಣ್ಣಾದ ಮೇಲೆ ಶಸ್ತ್ರಚಿಕಿತ್ಸೆಗೆ ಬರುವುದು" ಎಂದು ಬರೆದೆ. ಹಣ್ಣಾದ ಮೇಲೆ! ಎಷ್ಟು ಸಹಜವಾಗಿದೆ ನೋಡಿ. ಆ ಒಂದು ಸಾಲಿಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಕರಪತ್ರದ ಕಟ್ಟು ಹಿಡಿದು ಗಜೇಂದ್ರಗಡಕ್ಕೆ ಹೋದಾಗಲೇ ಹುಸೇನಬಿಯವರನ್ನು ಮೊದಲು ನೋಡಿದ್ದು. ಮಗ ರಾಜೇಸಾಬ ಸೀರೆ ನೇಯುತ್ತಿದ್ದ. ತಾಯಿಯದು ಕೆಚ್ಚುವ ಕೆಲಸ. ಕೆಚ್ಚುವುದೆಂದರೆ, ಮಗ್ಗದ ಮೇಲೆ ಮುಗಿಯುತ್ತ ಬಂದ ಹಾಸಿನ, ಎಂದರೆ ಉದ್ದಕ್ಕೆ ಹಾಸಿದ ನೂಲಿನ, ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹಿಡಿದು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಓಣಿಯ ನೇಕಾರರೆಲ್ಲ ತಮ್ಮ ಮಗ್ಗಕ್ಕೂ ಅವರನ್ನೇ ಕರೆಯುತ್ತಿದ್ದರು. ಹುಸೇನಬಿ ಕೆಚ್ಚಿದ ಜಾಗ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯದು ಎಂಬ ಹೆಸರಿತ್ತು.

ಆ ಹೆಸರಿಗೇ ಈಗ ಸಂಚಕಾರ ಬಂದಿತ್ತು. ಬಲಗಣ್ಣು ಹೋಗಿ ಕೆಲವು ವರ್ಷವಾಗಿತ್ತು. ಎಡಗಣ್ಣೂ ಮಸುಕಾಗುತ್ತಿತ್ತು. "ಬಲಗಣ್ಣಿಗೆ ನಾ ಲಗೂ ಹೋಗಿದ್ದೆರಿ" ಎಂದು ಅವರೇ ಹೇಳಿದರು. "ಇನ್ನೂ ಹಸೇದೈತಿ, ಹಣ್ಣಾದ ಮ್ಯಾಲ ಬಾ ಅಂತ ಕಳಿಸಿದ್ರು. ಬಂದು ಕುಂತೆ. ಯಾವಾಗ ಹಣ್ಣಾತೋ ಗೊತ್ತಾಗಲಿಲ್ಲ. ಒಂದಿನ ತಲಿ ಒಡದಂಗ ನೋವು ಬಂತು. ಹೋಗೂದ್ರಾಗ ಕಣ್ಣ ಆರಿಹೋಗಿತ್ತು. ತಪ್ಪು ನಂದ. ಹೊತ್ತು ಲೆಕ್ಕಾ ತಪ್ಪಿತು."

ಆ ಲೆಕ್ಕ ಈ ಸಲ ತಪ್ಪಬಾರದೆಂದು ಅವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಪ್ರತಿ ಶುಕ್ರವಾರ ಮುಂಜಾನೆ ಬಾಗಿಲಿನ ಚೌಕಟ್ಟಿಗೆ ಒಂದು ಕರಿ ಎಳೆ, ಒಂದು ಬಿಳಿ ಎಳೆ ಕಟ್ಟಿಸಿ, ಬಲಗೈಯಿಂದ ಸತ್ತ ಕಣ್ಣನ್ನು ಸುಮ್ಮನೆ ಮುಚ್ಚಿಕೊಂಡು, ಎಡಗಣ್ಣಿನಿಂದ ನೋಡುವುದು. ಮೊದಲು ಬಿಳಿ ಎಳೆ ಕಾಣದಾಗಬೇಕು, ಆಮೇಲೆ ಕರಿಯದು. ಎರಡೂ ಕಾಣದಾದ ಶುಕ್ರವಾರ ಪೂರ್ತಿ ಹಣ್ಣಾಯಿತೆಂದು ಲೆಕ್ಕ. ನಾನು ಕರಪತ್ರ ಓದಿ ಹೇಳಿದಾಗ ಅವರ ಮುಖ ಅರಳಿತು. "ಕೇಳಿದೇನೋ ರಾಜ್ಯಾ? ಕಾಗದದಾಗ ಅಚ್ಚು ಹೊಡದಾರ. ನಾ ಮಾಡೂದು ಬರೋಬ್ಬರಿ ಐತಿ" ಎಂದು ಕರಪತ್ರವನ್ನು ಇಸಿದುಕೊಂಡು ಟ್ರಂಕಿನಲ್ಲಿಟ್ಟರು. ನಾನು ಚಹಾ ಕುಡಿದು, ನನ್ನ ಬರವಣಿಗೆಗೆ ಓದುಗರು ಸಿಕ್ಕರೆಂದು ಹಿಗ್ಗುತ್ತ ಬಸ್ಸು ಹತ್ತಿದೆ.

ಎರಡು ಮೂರು ತಿಂಗಳ ಮೇಲೆ ನರಗುಂದದಲ್ಲಿ ಒಂದು ವಾರದ ಶಿಬಿರ ಶುರುವಾಯಿತು. ಹೊಸದಾಗಿ ಬಂದ ಕಣ್ಣಿನ ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಮಧ್ಯಾಹ್ನ ರೊಟ್ಟಿ ತಿನ್ನುತ್ತ ನನ್ನ ಶಬ್ದಗಳ ನೋಟ್‌ಬುಕ್ಕನ್ನು ತಿರುವಿ ಹಾಕಿ, ನನಗಿಂತ ಹೆಚ್ಚು ಸಂತೋಷಪಟ್ಟರು. ಅವರು ಹೇಳಿದ್ದನ್ನು ಅವತ್ತೇ ಬರೆದುಕೊಂಡೆ. ಹಿಂದೆ ಅರಬ್ಬಿ ವೈದ್ಯರು, ತಲೆಯಿಂದ ನೀರು ಕಣ್ಣಿಗೆ ಇಳಿದು ಹೆಪ್ಪುಗಟ್ಟುತ್ತದೆ ಎಂದು ತಿಳಿದು ಈ ರೋಗಕ್ಕೆ "ನೀರು ಇಳಿಯುವುದು" ಎಂದು ಹೆಸರಿಟ್ಟರಂತೆ. ಲ್ಯಾಟಿನ್ನಿಗೆ ತಂದವರು ಇಳಿಯುವ ನೀರನ್ನು ಜಲಪಾತ ಮಾಡಿಕೊಂಡರಂತೆ. ಇಂಗ್ಲಿಷಿನ ಕ್ಯಾಟರಾಕ್ಟ್ ಎಂದರೆ ಅದೇ. ಮಿದುಳಿನ ಹೊದಿಕೆಗಳನ್ನು ಅರಬ್ಬರು ಗಟ್ಟಿ ತಾಯಿ, ತೆಳು ತಾಯಿ ಎಂದು ಕರೆದಿದ್ದರಂತೆ. ಭಾಷಾಂತರ ಮಾಡಿದವನು ತಾಯಿಯನ್ನು ತಾಯಿಯಾಗಿಯೇ ಉಳಿಸಿ, ತೆಳು ಎಂಬುದನ್ನು ಮಾತ್ರ ಭಕ್ತಿವಂತೆ ಮಾಡಿಬಿಟ್ಟನಂತೆ. ಇವತ್ತಿಗೂ ಜಗತ್ತಿನ ಡಾಕ್ಟರುಗಳೆಲ್ಲ ನಮ್ಮ ತಲೆಯೊಳಗೆ ಒಬ್ಬ ಗಟ್ಟಿಗಿತ್ತಿ ತಾಯಿ, ಒಬ್ಬ ದೇವರ ಭಕ್ತೆ ತಾಯಿ ಇದ್ದಾರೆಂದು ಓದುತ್ತಾರೆ. ನನಗೆ ಇದು ಬಹಳ ಹಿಡಿಸಿತು. ತಪ್ಪು ಮಾಡಿಯೂ ಇಷ್ಟು ಕಾಲ ಬಾಳಿದ ಆ ಗುಮಾಸ್ತನ ಮೇಲೆ ಬಂಧುತ್ವವೇ ಹುಟ್ಟಿತು.

ಆಗಲೇ ಅವರು ಮೇಜಿನ ಮೇಲಿದ್ದ ನನ್ನ ಕರಪತ್ರವನ್ನು ಎತ್ತಿಕೊಂಡದ್ದು. ಓದುತ್ತ ಓದುತ್ತ ಅವರ ರೊಟ್ಟಿ ಕೈಯಲ್ಲೇ ನಿಂತಿತು.

"ಇದನ್ನ ಬರದವರು ಯಾರ್ರಿ?"

"ನಾನ ರಿ" ಎಂದೆ, ಹೊಗಳಿಕೆಗೆ ತಯಾರಾಗಿ.

"ಹಣ್ಣಾಗೂತನಕ ಕಾಯೂದು ಹಳೇ ಪದ್ಧತ್ಯಾಗ ಇತ್ತು. ಆಗ ಪೊರಿ ಗಟ್ಟಿ ಆಗಲಾರದ ತಗಿಯಾಕ ಬರ್ತಿರಲಿಲ್ಲ. ಈಗ ಒಳಗ ಮಸೂರನ ಕೂಡಸ್ತೇವಿ. ಕೆಲಸಕ್ಕ ತ್ರಾಸ ಆತು ಅಂದ್ರ ಬಂದುಬಿಡಬೇಕು. ಅತೀ ಹಣ್ಣಾಗಾಕ ಬಿಟ್ರ ಒಳಗ ಒತ್ತಡ ಏರಿ ಕಣ್ಣ ಹೋಗತೈತಿ. ಇದನ್ನ ಎಷ್ಟು ಊರಿಗೆ ಹಂಚೀರಿ?"

ನಾನು ಊರುಗಳ ಹೆಸರು ಹೇಳುತ್ತ ಹೋದೆ. ಗಜೇಂದ್ರಗಡದ ಹೆಸರಿಗೆ ಬಂದು ನಿಂತೆ. ಟ್ರಂಕಿನಲ್ಲಿ ನನ್ನ ಕರಪತ್ರ, ಚೌಕಟ್ಟಿನಲ್ಲಿ ಎರಡು ಎಳೆ, ಎಡಗಣ್ಣೊಂದೇ ಉಳಿದ ಹೆಣ್ಣುಮಗಳು. ಒಂದು ಕಾಲಕ್ಕೆ ನಿಜವಾಗಿದ್ದ ಮಾತನ್ನು, ಅದರ ಜೀವ ಹೋಗಿದೆಯೋ ಇದೆಯೋ ನೋಡದೆ, ಭಾಷೆಯಿಂದ ಭಾಷೆಗೆ ಹೊತ್ತು ತಂದು ಅವರ ಮನೆಯಲ್ಲಿ ಇಟ್ಟು ಬಂದಿದ್ದೆ. ಅವತ್ತು ನನಗಾದ ಭಯ ಈಗಲೂ ಮರೆತಿಲ್ಲ.

ಮರುದಿನವೇ ಹೋದೆ. ಪುಣ್ಯಕ್ಕೆ ಬಿಳಿ ಎಳೆ ಮಾತ್ರ ಹೋಗಿತ್ತು, ಕರಿಯದು ಇನ್ನೂ ಕಾಣುತ್ತಿತ್ತು. "ಇನ್ನ ನಾಕಾರು ಶುಕ್ರವಾರರಿ" ಎಂದು ಹುಸೇನಬಿ ಸಮಾಧಾನದಿಂದ ಹೇಳಿದರು, ಯಾವುದೋ ನಂಟರು ಬರುವ ದಿನ ಹೇಳುವಂತೆ.

"ಚಾಚಿ, ಕಾಯಬ್ಯಾಡ್ರಿ. ನರಗುಂದದ ಶಿಬಿರಕ್ಕ ನಡೀರಿ. ನಾ ಬರದದ್ದು ತಪ್ಪೈತಿ" ಎಂದೆ.

"ಅಚ್ಚು ಹೊಡದದ್ದು ಹ್ಯಾಂಗ ತಪ್ಪಾಗತೈತ್ರಿ?"

ನಾನು ನನ್ನ ಪಾಂಡಿತ್ಯವನ್ನೆಲ್ಲ ಹೊರಗೆ ತೆಗೆದೆ. ಜಲಪಾತದ ಕಥೆ ಹೇಳಿದೆ. ಅವರಿಗೆ ಅದು ಹೊಸದೇ ಅಲ್ಲ! "ನಮ್ಮ ಮಾವನೂ ಹಂಗ ಅಂತಿದ್ರು, ಕಣ್ಣಾಗ ನೀರು ಇಳದೈತಿ ಅಂತ. ಉರ್ದು ಓದಿದವರು" ಎಂದರು. ನನ್ನ ಕೈ ನೋಟ್‌ಬುಕ್ಕಿಗೆ ಹೋಯಿತು. ಅರಬ್ಬಿಯಿಂದ ಹೊರಟ ಒಂದೇ ಮಾತು ಒಂದು ದಾರಿಯಿಂದ ಲ್ಯಾಟಿನ್ನು, ಇಂಗ್ಲಿಷು ಸುತ್ತಿ ರೋಣದ ನನ್ನ ಮೇಜಿಗೆ ಬಂದಿತ್ತು. ಇನ್ನೊಂದು ದಾರಿಯಿಂದ ಈ ಮಗ್ಗದ ಮನೆಗೆ ಬಂದಿತ್ತು. ಆದರೆ ನಾನು ಬಂದದ್ದು ನೋಟ್‌ಬುಕ್ಕು ತುಂಬಿಸಲಿಕ್ಕಲ್ಲ. "ಅದು ನೀರೂ ಅಲ್ಲ ಚಾಚಿ, ಮುತ್ತೂ ಅಲ್ಲ, ಹಣ್ಣೂ ಅಲ್ಲ. ಹೆಸರಿಟ್ಟವರಿಗೆ ಒಳಗೇನೈತಿ ಗೊತ್ತಿರಲಿಲ್ಲ" ಎಂದೆ.

"ಹೆಸರಿಟ್ಟವರಿಗೇ ಗೊತ್ತಿರಲಿಲ್ಲ. ಹೋದ ಸಲ ನಿಮಗೂ ಗೊತ್ತಿರಲಿಲ್ಲ. ಈಗ ಗೊತ್ತಾಗೇತಿ ಅಂತ ನಾ ಹ್ಯಾಂಗ ನಂಬಲಿ?" ಎಂದರು. ಸಿಟ್ಟಿನಿಂದಲ್ಲ, ನಕ್ಕೇ ಕೇಳಿದರು. "ಹಸೇ ಕಣ್ಣ ಕೊಯ್ಸಿಕೊಂಡು ಅದೂ ಹೋದ್ರ ನಾ ಏನ ಮಾಡ್ಲಿ ಸಾಹೇಬ್ರ? ಕೂತು ಉಣ್ಣಾಕ ನನಗ ಬರೂದಿಲ್ಲ. ಈ ಕೈಗೆ ಕೆಲಸ ಬೇಕು."

"ಅಮ್ಮಾ ಕೇಳೂದಿಲ್ರಿ" ಎಂದು ರಾಜೇಸಾಬ ಕುಣಿಯಿಂದ ಎದ್ದು ಹೊರಗೆ ಹೋದ. ಅವನ ಹಾಸು ಮುಗಿಯುತ್ತ ಬಂದಿತ್ತು. ಹುಸೇನಬಿ ಸರಿದು ಮಗ್ಗದ ಹಿಂದೆ ಕುಳಿತು, ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚತೊಡಗಿದರು. ಕಣ್ಣು ಅರ್ಧ, ಬೆರಳು ಅರ್ಧ. ಹಳೆಯ ಎಳೆ ಹುಡುಕುವುದು, ಹೊಸ ಎಳೆ ಹುಡುಕುವುದು, ಹೊಸೆಯುವುದು, ಮುಂದಿನದು. ನಾನು ಸೋತು ಅದನ್ನೇ ನೋಡುತ್ತ ಕುಳಿತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, "ಹಳೇ ಹಾಸು ಇನ್ನೂ ಒಂದು ಗೇಣು ಉಳದೈತಲ್ಲ ಚಾಚಿ. ಪೂರಾ ನೇದು ಮುಗಿಸಿ ಆಮ್ಯಾಲ ಹೊಸಾದು ಹಾಕಬಾರದೇನು? ಅಷ್ಟು ನೂಲು ದಂಡ ಅಲ್ಲ?" ಎಂದು ಕೇಳಿದೆ.

ಅವರು ನನ್ನ ಅಜ್ಞಾನಕ್ಕೆ ಮನಸಾರೆ ನಕ್ಕರು. "ಪೂರಾ ಮುಗಿಸಿದ್ರ ಹಣಿಗಿ ಖಾಲಿ ಆಗತೈತಲ್ರಿ!" ಎಂದು ಬಾಚಣಿಗೆಯಂಥ ಹಣಿಗೆಯ ಸಂದುಗಳ ಮೇಲೆ ಬೆರಳಾಡಿಸಿ ತೋರಿಸಿದರು. "ಒಂದೊಂದು ಸಂದಿನ್ಯಾಗ ಹಳೇ ಎಳಿ ಕುಂತಾವು. ಅವು ಅದಾವಂತ ಹೊಸಾವು ಅವುಗಳ ಬೆನ್ನ ಹಿಡಿದು ಒಳಗ ಬರತಾವು. ಅವ ಹೋದ್ರ ನಾ ಎದಕ್ಕ ಕೆಚ್ಚಲಿ? ಹಳೇ ಎಳಿ ಇದ್ದಾಗನ ಕೆಚ್ಚಬೇಕ್ರಿ. ಮುಗೀಲಿ ಅಂತ ಕಾಯಾಂವ ಎಂಥಾ..."

ಮಾತು ಅಲ್ಲಿಗೇ ನಿಂತಿತು. ಬೆರಳೂ ನಿಂತವು.

ಇದನ್ನು ನಾನು ಬೇಕೆಂದೇ ಕೇಳಿದೆ ಎಂದು ಆಮೇಲೆ ಬಹಳ ಜನರಿಗೆ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ಏನೂ ಹೊಳೆದಿರಲಿಲ್ಲ. ಹೊಳೆದದ್ದು ಅವರಿಗೆ. ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು. ಅವರು ಬಾಗಿಲಿನ ಕಡೆ ಮುಖ ತಿರುಗಿಸಿ, ಚೌಕಟ್ಟಿನಲ್ಲಿ ಕರಿ ಎಳೆ ಇದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈಯ ಬೂದಿ ಕೊಡವಿ ಕೂಗಿದರು: "ರಾಜ್ಯಾ, ನರಗುಂದದ ಬಸ್ಸು ಎಷ್ಟಕ್ಕೈತೋ?"

ಅದೇ ವಾರ ನರಗುಂದದಲ್ಲಿ ಅವರ ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಹೊರಡುವ ಮುಂಚೆ ಟ್ರಂಕಿನಿಂದ ನನ್ನ ಕರಪತ್ರ ತೆಗೆದು ನನ್ನ ಕೈಗೇ ಕೊಟ್ಟಿದ್ದರು. "ಮದ್ಲ ಇದನ್ನ ಸರಿ ಮಾಡ್ರಿ. ನಾ ಒಬ್ಬಾಕಿನ ಅಲ್ಲ, ಎಷ್ಟು ಮಂದಿ ಟ್ರಂಕಿನ್ಯಾಗ ಕುಂತೈತೋ" ಎಂದಿದ್ದರು. ಹೊಸದಾಗಿ ಅಚ್ಚಾಗುವವರೆಗೂ ನಾನು ಒಂದು ದಪ್ಪ ಪೆನ್ನು ಹಿಡಿದು ರಾಜೂರ, ಅಸೂಟಿ, ಜಕ್ಕಲಿ ಎಂದು ತಿರುಗಿದೆ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ, ಚಹಾದಂಗಡಿಯ ಗೋಡೆಯಲ್ಲಿ ಅಂಟಿಸಿದ್ದನ್ನೆಲ್ಲ ಹುಡುಕಿ, ನನಗೆ ಅಷ್ಟು ಪ್ರೀತಿಯಾಗಿದ್ದ ಆ ಸಾಲನ್ನು ನಾನೇ ಹೊಡೆದುಹಾಕಿದೆ. ಕೆಳಗೆ ಕೈಯಿಂದ ಬರೆದೆ: "ಹಣ್ಣಾಗಲಿ ಎಂದು ಕಾಯಬೇಡಿ. ಹಳೆ ಎಳೆ ಇರುವಾಗಲೇ ಕೆಚ್ಚಿಸಿಕೊಳ್ಳಿ." ನೇಕಾರರಲ್ಲದ ಊರಿನವರು, ಇದೇನ್ರಿ ಹಿಂಗಂದ್ರ, ಎಂದು ನಿಲ್ಲಿಸಿ ಕೇಳುತ್ತಿದ್ದರು. ಕೇಳಿದ್ದೇ ಲಾಭವಾಯಿತು. ಮಗ್ಗದ ಕಥೆ ಹೇಳುತ್ತಿದ್ದೆ, ಕಣ್ಣಿನ ಮಾತು ತಾನೇ ತಿಳಿಯುತ್ತಿತ್ತು. ಡಾಕ್ಟರ ಸಾಹೇಬರೇ ಎಂದವರಿಗೆಲ್ಲ ನಾನು ಗುಮಾಸ್ತ ಎಂದು ತಿದ್ದಿ ಹೇಳುವುದನ್ನೂ ಆಗಲೇ ಮತ್ತೆ ಶುರುಮಾಡಿದೆ.

ಹುಸೇನಬಿಯವರ ಕಣ್ಣು ನೋಡಲು ಹೋದ ದಿನ ಅವರು ಕರಿ ಕನ್ನಡಕ ಹಾಕಿಕೊಂಡು ಮಗ್ಗದ ಪಕ್ಕ ಕುಳಿತು ಮಗನನ್ನು ಬೈಯುತ್ತಿದ್ದರು. ತಾವೇ ಅವತ್ತು ಕೆಚ್ಚಿದ ಜಾಗವನ್ನು ಕನ್ನಡಕ ಎತ್ತಿ ನೋಡಿದ್ದರು. "ಏನ ಹಾಳ ಕೆಚ್ಚೇನೋ ಇದು! ಹಗ್ಗಾ ಹೊಸದಂಗ ಐತಿ. ನೀನರೆ ಒಂದ ಮಾತು ಹೇಳಬಾರದೇನು? ಮುದುಕಿ ಅಂತ ಸುಮ್ಮನಿದ್ದಿ?" ಎಂದು ಕೂಗುತ್ತಿದ್ದರು. ರಾಜೇಸಾಬ ಬೈಸಿಕೊಳ್ಳುತ್ತ ನಗುತ್ತಿದ್ದ, ಅವನ ಕಣ್ಣು ತುಂಬಿದ್ದವು. ನನಗೂ ಹಾಗೇ ಆಯಿತು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಕೆಚ್ಚಿದರು.

ನೀಲಿ ಸೀರೆಯನ್ನು ಹಸಿರು ಎಂದ ಮರುದಿನ ಬೆಳಿಗ್ಗೆ ಕ್ಯಾಲೆಂಡರಿನ ಹಿಂದಿನ ಚೀಟಿ ತೆಗೆದುಕೊಂಡು ರೋಣದ ಆಸ್ಪತ್ರೆಗೆ ಹೋದೆ. ಹೆಂಡತಿ ಆ ಹೊಸ ಸೀರೆ ಉಟ್ಟುಕೊಂಡೇ ಜೊತೆಗೆ ಬಂದಳು. ಅಷ್ಟೆಲ್ಲ ನೆನೆಸಿಕೊಂಡು ಹೋದರೂ, ಚೀಟಿಯ ತಾರೀಖು ನೋಡಿದ ನರ್ಸಮ್ಮ "ಇಷ್ಟ ದಿನಾ ಏನ ಮಾಡಿದ್ರಿ ಅಜ್ಜಾರ?" ಎಂದಾಗ ನನ್ನ ಹಾಳು ಬಾಯಿ ಮತ್ತೆ, "ಒಂದಿಷ್ಟು ಹಣ್ಣಾಗಲಿ ಅಂತ..." ಎಂದುಬಿಟ್ಟಿತು.

"ಹಣ್ಣಾಗಲಿ ಅಂತ ಕುಂದರಬಾರದ್ರಿ" ಎಂದಳು ಆ ಹುಡುಗಿ, ಬರೆಯುತ್ತಲೇ, ದಿನಕ್ಕೆ ಹತ್ತು ಮಂದಿಗೆ ಹೇಳುವ ದನಿಯಲ್ಲಿ. "ಹಳೇ ಎಳಿ ಇದ್ದಾಗನ ಕೆಚ್ಚಿಸ್ಕೋಬೇಕು."

"ನಿಮ್ಮದು ನೇಕಾರರ ಮನೀ ಏನವಾ?" ಎಂದು ಕೇಳಿದೆ.

"ಇಲ್ರಿ, ನಮ್ಮದು ಹೊಲ, ಜಕ್ಕಲ್ಯಾಗ. ಯಾಕ್ರಿ?"

"ಈ ಮಾತು ಯಾರು ಕಲಿಸಿದ್ರು?"

ಅವಳು ತಲೆಯೆತ್ತಿ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಯಾರು ಕಲಸ್ತಾರ್ರಿ? ಕಣ್ಣಿಗೆ ನಮ್ಮ ಕಡೆ ಎಲ್ಲಾರೂ ಹಂಗ ಅಂತಾರಲ್ಲ."

ಹೆಂಡತಿ ನನ್ನ ಕಡೆ ನೋಡಿದಳು. ಅದು ಎಲ್ಲಿಂದ ಹೊರಟಿತೆಂದು ಹೇಳಿದ್ದರೆ ಆ ಮಾತು ನನ್ನದಾಗಿಬಿಡುತ್ತಿತ್ತು. ನರ್ಸಮ್ಮ ತಾರೀಖು ಬರೆದು, ಯಾವ ಕಣ್ಣು ಮೊದಲು ಎಂದು ಕೇಳಿದಳು.

"ಬಲಗಣ್ಣು" ಎಂದೆ. ಹುಸೇನಬಿಯವರಿಗೆ ಉಳಿಯದೆ ಹೋದದ್ದು ಅದೇ.